ಯಾಣದ ಬಂಡೆಯೊಳಗೆ ಬಾವಲಿ ನೋಡಿದ ದಿನ

ನನಗೆ ಬಾವಲಿ ಅಂದರೆ ಕೈಕಾಲು ತಣ್ಣಗಾಗುವಷ್ಟು ಭಯ. ಹಾವಿಗೂ ಅಷ್ಟು ಹೆದರಿದವಳಲ್ಲ. ಚಿಕ್ಕವಳಿದ್ದಾಗ ತಿಪಟೂರು ಕಡೆಯ ಅಜ್ಜಿ ಮನೆಯಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಸೀಮೆಎಣ್ಣೆ ಬುಡ್ಡಿ ಹಿಡಿದು ಕಾಯಿ ತುಂಬಿದ್ದ ಅಟ್ಟ ಹತ್ತಿದೆ. ಪಟಪಟ ಅಂತ ಏನೋ ಮುಖದ ಹತ್ತಿರವೇ ಹಾರಿ ಹೋಯಿತು, ದೀಪ ಆರಿತು. ಆಗಿದ್ದು ಇಷ್ಟೇ. ಆದರೆ ಮರುದಿನ ಬಂದವರೆಲ್ಲ ಒಂದೊಂದು ಮಾತು ಸೇರಿಸಿದರು. ಬಾವಲಿ ಮನೆಯೊಳಗೆ ಬಂದರೆ ಸಾವಂತೆ, ಕೂದಲಿಗೆ ಅಂಟಿಕೊಂಡರೆ ಬಿಡೋದೇ ಇಲ್ಲವಂತೆ. 2018ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಬಾವಲಿಯಿಂದ ಹರಡುವ ನಿಪಾ ಕಾಯಿಲೆ ಬಂದಾಗ ಟಿವಿಯಲ್ಲಿ ದಿನವಿಡೀ ಬಾವಲಿ ಚಿತ್ರವೇ. ಭಯಕ್ಕೆ ಒಂದು ಕಾರಣವೂ ಸಿಕ್ಕಿಬಿಟ್ಟಿತು.

ಅಕ್ಕನನ್ನು ಕೊಟ್ಟಿರೋದು ಶಿರಸಿ ಕಡೆಗೆ. ಮೊದಲ ಸಲ ಯಾಣಕ್ಕೆ ಹೋದಾಗ ನಾನು ದೇವಸ್ಥಾನದ ಹತ್ತಿರವೇ ಕೂತುಬಿಟ್ಟೆ. ಎಲ್ಲರೂ ಬಂಡೆಯೊಳಗೆ ಹೋಗಿ ಬಂದರು. ಹೋದ ಡಿಸೆಂಬರ್ ರಜೆಯಲ್ಲಿ ಮತ್ತೆ ಹೊರಟಾಗ ಮಗಳು ಕೇಳಿದಳು, "ಅಮ್ಮಾ, ಈ ಸಲಾನೂ ಚಪ್ಪಲಿ ಕಾಯ್ತೀಯಾ?" ಏಳು ವರ್ಷದ ಮಗು ಅದು. ನನಗೆ ಅದು ಚುಚ್ಚಿತು. ಅವಳಿಗೂ ನನ್ನ ಭಯ ಅಂಟಿಸುತ್ತಿದ್ದೇನೆ ಅಲ್ವಾ ಅನಿಸಿತು.

"ರೊಕ್ಕ ಇದ್ದವಗೆ ಗೋಕರ್ಣ, ಸೊಕ್ಕು ಇದ್ದವಗೆ ಯಾಣ" ಅಂತ ಅಲ್ಲಿ ಗಾದೆ ಇದೆ. ಒಂದು ಕಾಲಕ್ಕೆ ಆ ಕಾಡು ಅಷ್ಟು ಕಷ್ಟದ್ದಿತ್ತು. ಈಗ ದಾರಿ ಸುಲಭ. ಮರಗಳ ನಡುವೆ ನಡೆಯುತ್ತಾ ಹೋದರೆ ಒಮ್ಮೆಲೇ ಎದುರಿಗೆ ಕಪ್ಪು ಬಂಡೆ ಎದ್ದು ನಿಲ್ಲುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90 ಮೀಟರ್. ಬಂಡೆಯ ಎತ್ತರದಲ್ಲಿ ಹೆಜ್ಜೇನಿನ ಹುಟ್ಟುಗಳು ನೇತಾಡುತ್ತಿದ್ದವು. ಭಾವ ಅದನ್ನು ತೋರಿಸಿ ಹೇಳಿದರು: "ಹೆದರೋದಾದ್ರೆ ಅದಕ್ಕೆ ಹೆದರು ಮಾರಾಯ್ತಿ. ಒಳಗಿರೋ ಬಾವಲಿ ನಿನ್ನ ಸುದ್ದಿಗೇ ಬರೋದಿಲ್ಲ."

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆವು. ಬಂಡೆಯ ಸೀಳಿನೊಳಗೆ ಕಾಲಿಟ್ಟ ಕೂಡಲೇ ತಂಪು. ಆಮೇಲೆ ವಾಸನೆ. ಒದ್ದೆ ಗೋಣಿಚೀಲ ಬಹಳ ದಿನ ಮೂಲೆಯಲ್ಲಿ ಕೊಳೆತ ಹಾಗೆ, ಮೂಗಿಗೆ ಖಾರ ಹತ್ತುವ ವಾಸನೆ. ಮೇಲಿಂದ ಚೀಂವ್ ಚೀಂವ್ ಸದ್ದು. ನನ್ನ ಕಾಲು ಅಲ್ಲೇ ನಿಂತಿತು. ಸೆರಗು ತಲೆ ಮೇಲೆ ಎಳೆದುಕೊಂಡೆ, ಮಗಳ ಕೈಯನ್ನು ಅವಳಿಗೆ ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದೆ ಅನ್ನೋದು ಅವಳು "ಬಿಡಮ್ಮಾ" ಅಂದ ಮೇಲೆಯೇ ಗೊತ್ತಾಗಿದ್ದು. ಮೊಬೈಲ್ ಟಾರ್ಚ್ ಮೇಲಕ್ಕೆ ಎತ್ತಿದೆ. ಭಾವ ಮೆಲ್ಲಗೆ ನನ್ನ ಕೈಯನ್ನು ಕೆಳಗಿಳಿಸಿದರು. "ಮಲಗಿರೋರ ಮುಖಕ್ಕೆ ಯಾರಾದ್ರೂ ಲೈಟ್ ಬಿಡ್ತಾರಾ? ಕಾಲ ಬುಡಕ್ಕೆ ಹಿಡಿ. ಸುಮ್ನೆ ನಿಂತ್ಕೋ."

ನಿಂತೆ. ಕಣ್ಣು ಕತ್ತಲಿಗೆ ಹೊಂದಿಕೊಂಡಿತು. ಮೇಲಿನ ಸೀಳಿನಿಂದ ಇಳಿದ ಬೆಳಕಿನಲ್ಲಿ, ಗುಂಪಿನಿಂದ ಸ್ವಲ್ಪ ದೂರ, ಒಂದೇ ಒಂದು ಬಾವಲಿ ಕಂಡಿತು. ಮುಷ್ಟಿಯಷ್ಟು ದೊಡ್ಡದು. ಒಂದು ಕಾಲಲ್ಲಿ ಜೋತುಬಿದ್ದು ಇನ್ನೊಂದು ಕಾಲಿಂದ ಹೊಟ್ಟೆಯ ರೋಮ ಬಾಚಿಕೊಳ್ಳುತ್ತಿತ್ತು. ಆಮೇಲೆ ರೆಕ್ಕೆ ಬಿಚ್ಚಿ ಬೆಕ್ಕಿನ ಹಾಗೆ ನೆಕ್ಕಿಕೊಂಡಿತು. ತೆಳ್ಳನೆಯ ತೊಗಲಿನಲ್ಲಿ ಉದ್ದುದ್ದ ಬೆರಳುಗಳು ಕಂಡವು. ನಮ್ಮ ಕೈಯಂಥದೇ ಕೈ. ಸ್ನಾನ ಮುಗಿಸಿದವರ ಹಾಗೆ ರೆಕ್ಕೆಯನ್ನು ಮೈಗೆ ಸುತ್ತಿಕೊಂಡು ಮಲಗಿತು. ನಾನು ಉಸಿರು ಬಿಟ್ಟೆ.

"ಕಾಲು ನೋಯಲ್ವಾ ಅದಕ್ಕೆ?" ಅಂತ ಮಗಳು ಪಿಸುಗುಟ್ಟಿದಳು. ನನಗೆ ಗೊತ್ತಿರಲಿಲ್ಲ. ರಾತ್ರಿ ಕೂತು ಓದಿದೆ. ಅದರ ಮೈಭಾರಕ್ಕೇ ಕಾಲಿನ ಸ್ನಾಯುರಜ್ಜು ಬಿಗಿದು ಉಗುರು ತಾನಾಗಿ ಹಿಡಿದುಕೊಳ್ಳುತ್ತದಂತೆ, ಅದಕ್ಕೆ ಆಯಾಸವಿಲ್ಲ. ನಾವು ಕೇಳಿದ ಚೀಂವ್ ಚೀಂವ್ ಅವು ತಮ್ಮತಮ್ಮಲ್ಲಿ ಆಡುವ ಮಾತು. ದಾರಿ ಹುಡುಕಲು ಹೊರಡಿಸುವ ಸದ್ದು ಬಹುಪಾಲು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಆ ಸದ್ದಿನ ಪ್ರತಿಧ್ವನಿ ಕೇಳಿಯೇ ಸೊಳ್ಳೆಯಂಥ ಹುಳವನ್ನೇ ಹಿಡಿಯುವ ಪ್ರಾಣಿ ನನ್ನ ತಲೆಗೆ ಡಿಕ್ಕಿ ಹೊಡೆಯುತ್ತದಾ? ಅಟ್ಟದಲ್ಲಿ ಅದು ನನ್ನನ್ನು ತಪ್ಪಿಸಿಕೊಂಡು ಹೋಗಿತ್ತು. ಇಷ್ಟು ವರ್ಷ ನಾನು ಅದನ್ನು ಮೈಮೇಲೆ ಬಂದದ್ದು ಅಂತಲೇ ತಿಳಿದಿದ್ದೆ. ಹೆಚ್ಚಿನ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ ಅಂತ ಓದಿದಾಗ, ಗುಹೆಯಲ್ಲಿ ಕೂಗಿ ಶಿಳ್ಳೆ ಹೊಡೆಯುತ್ತಿದ್ದ ಹುಡುಗರ ಮೇಲೆ ನಿಜವಾಗಲೂ ಸಿಟ್ಟು ಬಂತು. ಮಲಗಿದ ಮನೆಗೆ ಹೋಗಿ ಹಾಗೆ ಮಾಡಬಾರದು.

ಇವತ್ತಿಗೂ ಬಾವಲಿಯನ್ನು ಮುಟ್ಟಲಾರೆ, ಮುಟ್ಟಲೂಬಾರದು. ಕಾಯಿಲೆಯ ವಿಷಯ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಭಾವನ ಜೊತೆ ತೋಟಕ್ಕೆ ಹೋದೆವು. ಮರದ ಬುಡದಲ್ಲಿ ಹಣ್ಣಡಿಕೆ ಬಿದ್ದಿದ್ದವು. ರಾತ್ರಿ ದೊಡ್ಡ ಬಾವಲಿಗಳು ಬಂದು ಸಿಪ್ಪೆಯ ಸಿಹಿ ಚೀಪಿ ಬೀಳಿಸಿದ್ದು, ಸಿಪ್ಪೆ ಮೇಲೆ ಹಲ್ಲಿನ ಗುರುತು ಹಾಗೇ ಇತ್ತು. "ಮರ ಹತ್ತದೆ ಬಂದ ಅಡಿಕೆ" ಅನ್ನುತ್ತಾ ಭಾವ ಹೆಕ್ಕಿ ಬುಟ್ಟಿಗೆ ಹಾಕಿದರು. ಮಗಳಿಗೆ ಮುಟ್ಟಬೇಡ ಅಂದೆ. ಅವಳು ಬುಟ್ಟಿ ಹಿಡಿದು ಭಾವನ ಹಿಂದೆ ನಡೆದಳು, ನಾನು ಎಲ್ಲೆಲ್ಲಿ ಬಿದ್ದಿವೆ ಅಂತ ತೋರಿಸುತ್ತಾ ಹೋದೆ. ಮನೆಗೆ ಬಂದು ಮೂವರೂ ಸೋಪು ಹಾಕಿ ಕೈ ತೊಳೆದುಕೊಂಡು ತೆಳ್ಳೇವು ಅನ್ನೋ ತೆಳುದೋಸೆ ತಿನ್ನಲು ಕೂತೆವು.