ಫಿಲೋಮಿನಾ ಚರ್ಚಲ್ಲಿ ಒಂದು ಭಾನುವಾರ

ಮೈಸೂರಲ್ಲೇ ಹುಟ್ಟಿ ಬೆಳೆದೋರಿಗೆ ಒಂದು ಚಾಳಿ, ನೆಂಟರು ಬಂದಾಗ ಮಾತ್ರ ಊರು ನೋಡೋದು. ಹೋದ ಭಾನುವಾರ ಅಕ್ಕನ ಮಕ್ಕಳನ್ನ ಕರ್ಕೊಂಡು ಫಿಲೋಮಿನಾ ಚರ್ಚಿಗೆ ಹೋಗಿದ್ದೆ, ಎಷ್ಟು ವರ್ಷ ಆಗಿತ್ತೋ ಒಳಗೆ ಕಾಲಿಟ್ಟು. ಅಶೋಕ ರೋಡಲ್ಲಿ ದಿನಾ ಓಡಾಡ್ತೀನಿ, ತಲೆ ಎತ್ತಿ ನೋಡಿದ್ದೇ ಕಮ್ಮಿ. ಜೋಡಿ ಗೋಪುರ, ಒಂದೊಂದೂ 175 ಅಡಿ, ಶಿಲುಬೆ ಫ್ರೇಮಿಗೆ ಬಂದ್ರೆ ಮಕ್ಕಳು ಕಟ್, ಮಕ್ಕಳು ಬಂದ್ರೆ ಶಿಲುಬೆ ಕಟ್, ಹಿಂದಕ್ಕೆ ಹಿಂದಕ್ಕೆ ಹೋಗಿ ಯಾರದೋ ಕಾಲು ತುಳಿದು ಬೈಸ್ಕೊಂಡೆ.

ಜರ್ಮನಿಯ ಕಲೋನ್ ಕೆಥೆಡ್ರಲ್ ನೋಡಿ ಇದರ ಪ್ಲಾನ್ ಮಾಡಿದ್ದಂತೆ, ಮಾಡಿದ್ದು ಡೇಲಿ ಅನ್ನೋ ಫ್ರೆಂಚ್ ನವರು. ಆದ್ರೆ 1933ರ ಅಕ್ಟೋಬರ್ 28ಕ್ಕೆ ಅಡಿಗಲ್ಲು ಹಾಕಿದ್ದು ನಮ್ಮ ನಾಲ್ವಡಿಯವರೇ. ಅದಕ್ಕೂ ಮುಂಚೆ ಇದೇ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜರ ಕಾಲದ ಚಿಕ್ಕ ಚರ್ಚಿತ್ತು, 1843ರದ್ದು, ಅದರ ಶಾಸನದ ಒಕ್ಕಣೆ ಸೃಷ್ಟಿಸೋನು ಕಾಪಾಡೋನು ಆಳೋನು ಒಬ್ಬನೇ ದೇವರು ಅಂತ ಶುರುವಾಗತ್ತೆ, ಯೇಸುವಿನ ಹೆಸರು ಬರೋ ತನಕ ಯಾವುದೋ ದೇವಸ್ಥಾನದ ಕಲ್ಲು ಓದಿದಂಗೇ ಇರತ್ತೆ. ಆಮೇಲೆ ಅರಮನೆಯ ಹುಜೂರ್ ಸೆಕ್ರೆಟರಿ ತಂಬುಚೆಟ್ಟಿಯವರು ಸಂತ ಫಿಲೋಮಿನಾಳ ಪವಿತ್ರ ಅವಶೇಷ ತರಿಸಿಕೊಟ್ರು, ದೊಡ್ಡ ಚರ್ಚು ಕಟ್ಟೋ ಮಾತು ಎದ್ದಿದ್ದೇ ಅಲ್ಲಿಂದ.

ತಮಾಷೆ ಏನಂದ್ರೆ 1961ರಲ್ಲಿ ರೋಮಿನವರು ಫಿಲೋಮಿನಾಳ ಹಬ್ಬಾನ ಕ್ಯಾಲೆಂಡರಿಂದಲೇ ತೆಗೆದ್ರು. ಈ ಚರ್ಚಿಗೆ ಸಂತ ಜೋಸೆಫರ ಹೆಸರೂ ಇದೆ. ಇರ್ಲಿ, ಜೋಸೆಫ್ ಚರ್ಚಿಗೆ ಬಿಡಪ್ಪಾ ಅಂದ್ರೆ ಆಟೋದವನು ಯಾವ ಏರಿಯಾ ಸಾರ್ ಅಂತಾನೆ.

ನಂಗೆ ಇಷ್ಟ ಆಗೋದು ಗೋಪುರ ಅಲ್ಲ, ಪೀಠದ ಕೆಳಗಿನ ನೆಲಮಾಳಿಗೆ. ಕಿರಿದಾದ ಮೆಟ್ಟಿಲು ಇಳೀಬೇಕು, ಸಾಲಲ್ಲಿ ಒಬ್ಬರ ಹಿಂದೆ ಒಬ್ಬರು, ಮೇಲಿನ ಗಲಾಟೆ ಅಲ್ಲೇ ನಿಂತೋಗತ್ತೆ, ಮಾತು ತಾನಾಗೇ ಪಿಸುಗುಟ್ಟೋಕೆ ಶುರು. ಅಲ್ಲಿ ಫಿಲೋಮಿನಾಳ ವಿಗ್ರಹ ಮಲಗಿದೆ. ಓಣಿಯಂಥ ದಾರಿಯ ಗೋಡೆ ಮೇಲೆ ಹೆಸರು ಕೆತ್ತಿದ ಅಮೃತಶಿಲೆ ಫಲಕಗಳು, ನಾನು ಅವನ್ನ ಓದ್ತಾ ನಿಂತ್ರೆ ಹಿಂದಿನೋರು ‘ಮುಂದೆ ಹೋಗ್ರೀ’ ಅಂತ ತಳ್ತಾರೆ.

ಚಿಕ್ಕೋನು ವಿಗ್ರಹ ನೋಡಿ ‘ಮಾಮಾ, ಅವರು ಸತ್ತೋಗಿದಾರಾ ಮಲ್ಕೊಂಡಿದಾರಾ?’ ಅಂದ, ಜೋರಾಗೇ. ನಾನು ಏನ್ ಹೇಳ್ಲಿ ಅಂತ ಯೋಚಿಸ್ತಿದ್ದೆ, ಮುಂದಿದ್ದ ಒಬ್ರು ಅಜ್ಜಿ ತಿರುಗಿ, ‘ಮಲ್ಕೊಂಡಿದಾರೆ ಪುಟ್ಟ, ಮೆತ್ತಗೆ ಮಾತಾಡು’ ಅಂದ್ರು. ಮೆಟ್ಟಿಲು ಹತ್ತಿ ಹೊರಗೆ ಬರೋ ತನಕ ಅವನು ಉಸಿರೆತ್ತಲಿಲ್ಲ.