ಸಾಮಾನ್ಯವಾಗಿ ವಾಸಿಸುವ ಸ್ಥಳ

16 ನವೆಂಬರ್ 2024, ಶನಿವಾರ, ರಾತ್ರಿ

ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಿದ್ದಾಗ ಫೋನು ಬಂತು. "ಠಾಣೆಯಿಂದ ಮಾತಾಡ್ತಿರೋದು ಮೇಡಂ" ಅಂದ ಕೂಡಲೇ ಎದೆ ಧಸಕ್ಕೆಂದಿತು. ಅಮ್ಮ ಊರಲ್ಲಿ ಒಬ್ಬಳೇ. ನನ್ನ ದನಿ ಬದಲಾದದ್ದು ಅವರಿಗೂ ಗೊತ್ತಾಗಿರಬೇಕು. "ಗಾಬರಿ ಆಗ್ಬೇಡಿ, ಏನೂ ಆಗಿಲ್ಲ. ನಿಮ್ಮ ತಂದೆಯವರ ಕೋವಿ ಇನ್ನೂ ನಮ್ಮ ಹತ್ರಾನೇ ಇದೆ. ಅದನ್ನೇನು ಮಾಡ್ತೀರಿ ಅಂತ ಕೇಳೋಕೆ" ಅಂದರು ದಫೇದಾರರು.

ಕೋವಿ. ಐದು ತಿಂಗಳಿಂದ ಆ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬಂದಿರಲಿಲ್ಲ.

ಲೋಕಸಭೆ ಚುನಾವಣೆ ಘೋಷಣೆಯಾದ ಮೇಲೆ, ಮಾರ್ಚ್ ಕೊನೆಯಲ್ಲಿ, ಅಪ್ಪ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಜೀಪಿನಲ್ಲಿ ಹೋಗಿ ಠಾಣೆಗೆ ಕೊಟ್ಟು ಬಂದಿದ್ದರು. ಪ್ರತಿ ಚುನಾವಣೆಗೂ ಇದೇ. ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ಯಾವುದೇ ಬರಲಿ, ಕೋವಿ ಠಾಣೆಗೆ, ಚೀಟಿ ಅಪ್ಪನ ಜೇಬಿಗೆ. ನಮ್ಮ ಕಡೆ ಮೇ 7ಕ್ಕೆ ಮತದಾನ ಮುಗಿಯಿತು, ಜೂನ್ 6ಕ್ಕೆ ನೀತಿಸಂಹಿತೆ ತೆಗೆದರು. ಮಳೆ ಶುರುವಾಗಿತ್ತು. "ಔಷಧಿ ಹೊಡೆಯೋ ಕೆಲಸ ಒಂದು ಮುಗೀಲಿ, ಹೋಗಿ ತರ್ತೀನಿ" ಅಂದಿದ್ದರಂತೆ. ಎಂಟು ದಿನದಲ್ಲಿ ಅವರೇ ಹೋದರು.

ಅವರ ಬಟ್ಟೆ ಮಡಚುವಾಗ ಆ ಚೀಟಿ ಅಂಗಿ ಜೇಬಿನಲ್ಲಿ ಸಿಕ್ಕಿತ್ತು. ಮುಂದೆ ಠಾಣೆಯ ಮೊಹರು, 'ಒಂಟಿ ನಳಿಗೆ ಕೋವಿ, 12 ಬೋರ್', ನಂಬರು. ಹಿಂದೆ ಅಪ್ಪನ ಅಕ್ಷರ: ಮೈಲುತುತ್ತ 20 ಕೆಜಿ, ಸುಣ್ಣ 20, ರಾಳ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ. ಆ ಚೀಟಿಯನ್ನು ನಾನು ಬೆಂಗಳೂರಿಗೆ ತಂದು ಪಾಸ್‌ಬುಕ್ಕುಗಳ ಮಧ್ಯೆ ಇಟ್ಟುಕೊಂಡಿದ್ದೇನೆ. ಕೋವಿಯ ರಶೀದಿ ಎಂದು ಇಟ್ಟುಕೊಂಡದ್ದಲ್ಲ, ಹಿಂದಿನ ಆ ಅಕ್ಷರಕ್ಕಾಗಿ.

ದಫೇದಾರರು ಒಳ್ಳೆಯವರು, ಅವಸರ ಮಾಡಲಿಲ್ಲ. ಲೈಸೆನ್ಸು ಇರುವುದು ಮನುಷ್ಯನಿಗೆ, ಕೋವಿಗಲ್ಲ ಎಂದು ತಿಳಿಸಿ ಹೇಳಿದರು. ಪುಸ್ತಕದಲ್ಲಿ 2026ರವರೆಗೆ ಮೊಹರು ಬಿದ್ದಿದ್ದರೂ ಅಪ್ಪ ಇಲ್ಲದ ಮೇಲೆ ಅದು ಯಾರಿಗೂ ಹಕ್ಕು ಕೊಡುವುದಿಲ್ಲ. ಒಂದು ಲೆಕ್ಕದಲ್ಲಿ ಕೋವಿ ಠಾಣೆಯಲ್ಲಿದ್ದದ್ದೇ ಒಳ್ಳೆಯದಾಯಿತಂತೆ. ಮನೆಯಲ್ಲೇ ಇದ್ದಿದ್ದರೆ ಅಪ್ಪ ಹೋದ ಮೇಲೆ ನಾವು ತಡಮಾಡದೆ ತಂದೊಪ್ಪಿಸಬೇಕಿತ್ತು. ಒಪ್ಪಿಸದೆ ಗೋಡೆಗೆ ನೇತುಹಾಕಿಕೊಂಡು ಕೂತವರ ಮೇಲೆ ಕೇಸಾಗುತ್ತದೆ. "ಎಷ್ಟೋ ಮನೇಲಿ ಗೊತ್ತೇ ಇರಲ್ಲ ಮೇಡಂ. ಅಜ್ಜ ಸತ್ತು ಹತ್ತು ವರ್ಷ ಆದ್ರೂ ಅಟ್ಟದ ಮೇಲೆ ಇರ್ತದೆ."

ಈಗ ಉಳಿದಿರುವ ದಾರಿಗಳು: ವಾರಸುದಾರರು ಯಾರಾದರೂ ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಇಲ್ಲವೇ ಲೈಸೆನ್ಸಿರುವವರಿಗೋ ಅಧಿಕೃತ ಅಂಗಡಿಗೋ ಮಾರಬೇಕು. ಏನೂ ಮಾಡದಿದ್ದರೆ ಜಿಲ್ಲಾಧಿಕಾರಿಗಳ ಆದೇಶದ ಮೇಲೆ ಸರ್ಕಾರಕ್ಕೆ ಹೋಗುತ್ತದೆ. "ಆಮೇಲೆ ನಮ್ಮನ್ನ ಕೇಳ್ಬೇಡಿ, ಅದಕ್ಕೇ ಮೊದ್ಲೇ ಫೋನ್ ಮಾಡಿದೆ" ಅಂದರು. ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ. ಇಟ್ಟ ಮೇಲೆ ಇನ್ನೊಂದು ಸಲ ಹೇಳಬೇಕಿತ್ತು ಅನ್ನಿಸಿತು.

ಸಂಜೆ ಬಂದು ಚಹಾ ಕೂಡ ಮಾಡಿಕೊಳ್ಳದೆ ನಿಯಮ ಓದುತ್ತಾ ಕೂತೆ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು. ದಿನವಿಡೀ ಬ್ಯಾಂಕಿನ ಸುತ್ತೋಲೆ ಓದುವವಳಿಗೆ ಈ ಭಾಷೆ ಕಷ್ಟವಾಗಲಿಲ್ಲ. ಒಂದು ಕಡೆ ಮಾತ್ರ ಸಿಕ್ಕಿಕೊಂಡೆ. ಲೈಸೆನ್ಸುದಾರ ಬದುಕಿರುವಾಗಲೇ, ಅವನಿಗೆ 70 ತುಂಬಿದ್ದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸು ಕೊಡಬಹುದು. ಅಪ್ಪನಿಗೆ 70 ತುಂಬಿದ್ದು 2019ರಲ್ಲಿ. ಕೋವಿ ತಗೊಂಡದ್ದು 1984ರಲ್ಲಿ, ನಾನು ಒಂದನೇ ಕ್ಲಾಸು.

ಅವರು ಕೇಳಿದ್ದರು. ದೀಪಾವಳಿಗೆ ಹೋದಾಗ, ಜಗಲಿಯ ಮೇಲೆ ಕೋವಿ ಬಿಚ್ಚಿ ನಳಿಗೆಯೊಳಗೆ ಎಣ್ಣೆಬಟ್ಟೆ ಆಡಿಸುತ್ತಾ, ತಲೆ ಎತ್ತದೆ, "ಇದನ್ನ ನಿನ್ನ ಹೆಸರಿಗೆ ಮಾಡ್ಸಲಾ?" ಅಂದರು. ಅಣ್ಣ ಸಿಡ್ನಿಯಲ್ಲಿ, ಬರುವವನಲ್ಲ ಎಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಖಾತ್ರಿಯಾಗಿತ್ತು. ನಾನು ನಕ್ಕುಬಿಟ್ಟೆ. "ನಾನೇನು ಮಾಡ್ಲಿ ಅಪ್ಪಾ ಕೋವಿ ಇಟ್ಕೊಂಡು, ಬೆಂಗಳೂರಲ್ಲಿ?" ಅಪ್ಪನೂ ನಕ್ಕರು. ಬಟ್ಟೆಯನ್ನು ಮತ್ತೆ ಎಣ್ಣೆಗೆ ಅದ್ದಿದರು.

ಅವತ್ತು ಅವರು ಕೇಳಿದ್ದು ಕೋವಿಯ ವಿಚಾರವನ್ನಲ್ಲ.

ಅರ್ಜಿ ಈಗ ಆನ್‌ಲೈನು. ಕಾಲಂ ತುಂಬುತ್ತಾ ಹೋದೆ, ಸುಮ್ಮನೆ ನೋಡೋಣ ಎಂದು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಆಮೇಲೆ ವಿಳಾಸ. ಅರ್ಜಿದಾರ ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೋ, ಎಲ್ಲಿ ದುಡಿಯುತ್ತಾನೋ, ಅಲ್ಲಿನ ಅಧಿಕಾರಿಗೇ ಅರ್ಜಿ ಹೋಗಬೇಕು. ಊರಲ್ಲಾದರೆ ಜಿಲ್ಲಾಧಿಕಾರಿ, ಇಲ್ಲಿ ಪೊಲೀಸ್ ಕಮಿಷನರ್. ನನ್ನ ಆಧಾರ್, ವೋಟರ್ ಕಾರ್ಡು, ಕೆಲಸ, ಮಗನ ಶಾಲೆ ಎಲ್ಲವೂ ಇಲ್ಲಿ. ಕೋವಿ ಬೇಕಾಗಿರುವ ಕಾರಣವೋ, 'ಬೆಳೆ ರಕ್ಷಣೆ'. ಬೆಳೆ ಇರುವುದು ಮುನ್ನೂರು ಕಿಲೋಮೀಟರ್ ಆಚೆ. ಗಿರಿನಗರದ ಮೂರನೇ ಮಹಡಿಯಲ್ಲಿ ಕೂತವಳಿಗೆ ಯಾವ ಬೆಳೆ, ಯಾವ ಹಂದಿ ಎಂದು ಇಲ್ಲಿನ ಪೊಲೀಸರು ವರದಿ ಬರೆಯಬೇಕು? ಕೇಳಿದರೆ ಅವರದು ತಪ್ಪಲ್ಲ. ಊರಿನ ವಿಳಾಸ ಬರೆದು ಅರ್ಜಿ ಹಾಕು, ಯಾರು ನೋಡ್ತಾರೆ ಅನ್ನುವವರು ಸಿಗುತ್ತಾರೆ. ನಾನು ಅದನ್ನು ಮಾಡಲಾರೆ. ಸುಳ್ಳು ವಿಳಾಸದ ಮೇಲೆ ಆಯುಧ ಪಡೆಯುವುದು ಅಪ್ಪನ ಹೆಸರಿಗೆ ಮಸಿ ಬಳಿದ ಹಾಗೆ. ನಲವತ್ತು ವರ್ಷದಲ್ಲಿ ಒಂದು ಸಲವೂ ಅವರು ನವೀಕರಣ ತಪ್ಪಿಸಲಿಲ್ಲ. ಮೂರು ವರ್ಷಕ್ಕೊಂದು ಮೊಹರು, 2019ರ ತಿದ್ದುಪಡಿಯಾದ ಮೇಲೆ ಐದು ವರ್ಷಕ್ಕೊಂದು. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಹೋಗಿ ನಿಲ್ಲುತ್ತಿದ್ದರು. ತೋಟೆಗಳ ಲೆಕ್ಕಕ್ಕೆ ಬೇರೆ ನೋಟು ಪುಸ್ತಕ: ತಂದದ್ದೆಷ್ಟು, ಹೊಡೆದದ್ದೆಷ್ಟು, ಯಾವತ್ತು, ಯಾಕೆ. 'ಮಂಗ. ಗಾಳಿಗೆ ಒಂದು ಈಡು.' ಹೆಚ್ಚಿನ ಸಾಲುಗಳು ಹೀಗೇ.

ಮಗ ಹಿಂದೆ ಬಂದು ನಿಂತು ಪರದೆ ಓದುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ. "ಅಜ್ಜನ ಗನ್ ನಮ್ಮನೆಗೆ ಬರುತ್ತಾ?" ಅವನ ಕಣ್ಣು ಹೊಳೆಯುತ್ತಿತ್ತು. ಒಂಬತ್ತು ವರ್ಷ. ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು. ಇಲ್ಲ ಪುಟ್ಟಾ, ಬರಲ್ಲ, ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು. ಮುಖ ಸಣ್ಣ ಮಾಡಿಕೊಂಡು ಹೋದ.

ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇನೆಂದು ಬರೆದುಕೊಡಬೇಕಂತೆ. ಬೀರು ನಮ್ಮಲ್ಲೂ ಇದೆ. ಅದರ ಕೀಲಿ ಎಲ್ಲಿರುತ್ತದೆ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಈ ಮನೆಗೆ ಕೋವಿ ಬರಬಾರದು. ಇದರಲ್ಲಿ ನನಗೆ ಒಂದು ಕೂದಲೆಳೆಯಷ್ಟೂ ಅನುಮಾನವಿಲ್ಲ.

ವಿರಾಜಪೇಟೆ ಗೆಳತಿಗೆ ಮೆಸೇಜು ಹಾಕಿದ್ದೆ. ಅವರದು ಬೇರೆ ಕಥೆ. ಕೊಡವರಿಗೂ, ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಎಂಬ ಅವರ ಆಯುಧಪೂಜೆಯ ಹಬ್ಬದ ದಿನ ಮನೆಯಲ್ಲಿ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡಿದ ಫೋಟೋ ಪ್ರತಿ ವರ್ಷ ಕಳಿಸುತ್ತಾಳೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. "ನಿಮ್ಮಪ್ಪನಿಗೆ ಯಾರೂ ಹೊಡೆಯಲಿಲ್ವಲ್ಲ" ಎಂದು ಬರೆದಳು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದರೂ ಅದನ್ನೋದಿ ಅಳು ಬಂತು. ಹದಿಮೂರನೇ ದಿನದವರೆಗೂ ಬಾರದಿದ್ದ ಅಳು.

ಒಂಬತ್ತು ಗಂಟೆಗೆ ಅಮ್ಮನಿಗೆ ಫೋನು ಮಾಡಿದೆ. ಮಾರಿಬಿಡೋಣ ಎಂದು ಹೇಳಲೆಂದೇ ಮಾಡಿದ್ದು. ಆಚೆಮನೆ ಚಿಕ್ಕಪ್ಪ ತಗೊಳ್ತಾರಾ ಕೇಳು ಅಂದೆ.

"ಅವನ ಹತ್ರ ಎರಡಿದೆ ಮಾರಾಯ್ತಿ. ಒಂದು ಕೇಪಿನದು, ಒಂದು ತೋಟೆದು. ಎರಡಕ್ಕಿಂತ ಜಾಸ್ತಿ ಇಟ್ಕಳಂಗಿಲ್ಲ ಅಂತ ಮೂರನೇದನ್ನ ಅವತ್ತೇ ಒಪ್ಸಿ ಬಂದ."

ಹೌದು, ಅದೂ ಆ ತಿದ್ದುಪಡಿಯದೇ. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು.

"ಹಂಗಾದ್ರೆ ಅಂಗಡಿಗೆ ಕೊಡೋಣ್ವಾ?"

ಅಮ್ಮ ಮಾತಾಡಲಿಲ್ಲ. ಹಿಂದೆ ಮಿಕ್ಸಿಯೋ ಟಿವಿಯೋ, ಏನೋ ಸದ್ದು. ಆಮೇಲೆ, "ಈ ಸಲ ಅಡಿಕೆ ಕೊನೆ ಕಡಿಮೆ ಕಣೇ" ಅಂದಳು. "ಮಂಗ ಎಳೆಕಾಯಿ ಕಿತ್ತು ಬಿಸಾಕಿದ್ದೇ ಎಷ್ಟೋ. ಡಬ್ಬ ಬಡಿದು ಬಡಿದು ಕೈ ನೋಯ್ತದೆ. ನಾನು ಹೆಂಗ್ಸು ಅಂತ ಅವಕ್ಕೆ ಗೊತ್ತು. ಅಪ್ಪ ಕೋವಿ ಹೆಗಲಿಗೆ ಹಾಕ್ಕೊಂಡು ತೋಟದ ತಲೆಗೆ ಬಂದ್ರೆ ಸಾಕಾಗ್ತಿತ್ತು, ಹೊಡೀದೂ ಬೇಡ."

ಆಯುಧಪೂಜೆ ದಿನ ಗೋಡೆಯ ಆ ಎರಡು ಮರದ ಗೂಟಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಿದ್ದಾಳಂತೆ. ಇವತ್ತು ಹೇಳಿದಳು. ಅಕ್ಟೋಬರಿನಲ್ಲಿ ನಾನು ಹೋಗಿರಲಿಲ್ಲ, ಅರ್ಧವಾರ್ಷಿಕ ಲೆಕ್ಕದ ಕೆಲಸ.

"ಅಮ್ಮಾ, ನೀನೇ ಇಲ್ಲಿಗೆ ಬಂದುಬಿಡು." ಇದನ್ನು ಎಷ್ಟನೇ ಸಲ ಹೇಳಿದೆನೋ.

"ಅದು ಬಿಡು. ಆ ಪೊಲೀಸಪ್ಪ ಏನಂದ್ರು, ವಾರಸುದಾರರು ಯಾರಾದ್ರೂ ಹಾಕ್ಬೋದು ಅಂದ್ರಾ? ಹೆಂಡ್ತಿ ವಾರಸುದಾರಳಲ್ವಾ?"

ನಾನು ಉತ್ತರ ಹುಡುಕುತ್ತಿದ್ದೆ. ಅರವತ್ತೇಳು ವರ್ಷ ಕಣಮ್ಮಾ, ಅಂದೆ. ಡಾಕ್ಟರ ಸರ್ಟಿಫಿಕೇಟು ಬೇಕು, ಕೋವಿ ಹಿಡಿಯೋ ತರಬೇತಿ ತಗೋಬೇಕು, ಠಾಣೆಯವರು ಬಂದು ವಿಚಾರಣೆ ಮಾಡ್ತಾರೆ.

"ಬರ್ಲಿ. ಕಾಫಿ ಕೊಡ್ತೀನಿ. ತರಬೇತಿ ಅಂದ್ರೆ ಎಷ್ಟು ದಿನ?"

ಇಷ್ಟು ವರ್ಷ ಅಮ್ಮ ಆ ಕೋವಿಯನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಗುಡಿಸುವಾಗಲೂ ಆ ಗೋಡೆಯ ಧೂಳನ್ನು ಅಪ್ಪನಿಗೇ ಬಿಡುತ್ತಿದ್ದಳು. ನಾಯಿಗೆ ಕೋಲೆತ್ತದವಳು. ಸಾಮಾನ್ಯವಾಗಿ ವಾಸಿಸುವ ಸ್ಥಳ ಎಂಬ ಕಾಲಮ್ಮಿನ ಮುಂದೆ ನಾನು ಸಂಜೆಯೆಲ್ಲ ಕೂತೆ. ಅವಳು ಅದನ್ನು ತುಂಬಬೇಕಾದರೆ ಒಂದು ನಿಮಿಷ ಬೇಡ. ಮದುವೆಯಾಗಿ ಬಂದಂದಿನಿಂದ ಒಂದೇ ವಿಳಾಸ. ಪಹಣಿಯಲ್ಲಿ ಅಪ್ಪನ ಜೊತೆ ಅವಳ ಹೆಸರೂ ಇದೆ.

ಆದರೆ ಅವಳು ಒಬ್ಬಳೇ ಇರುವ ಮನೆಯಲ್ಲಿ ಕೋವಿ ಇರಬೇಕೇ? ಅದಿದೆ ಎಂದೇ ಯಾರಾದರೂ ಬಂದರೆ? ಕತ್ತಲಲ್ಲಿ ಏನೋ ಸದ್ದಾಯಿತೆಂದು ಇವಳು ಹೊರಗೆ ಹೋದರೆ? ಇಲ್ಲಿ ಮಲಗಿ ನಾನು ನಿದ್ದೆ ಮಾಡುವುದು ಹೇಗೆ? ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. ಹೇಳಿದರೆ, ಹಾಗಾದರೆ ನೀನು ಬಾ ಅನ್ನುತ್ತಾಳೆ. ಅನ್ನುವುದಿಲ್ಲ, ಅದೇ ಕಷ್ಟ. ಅಪ್ಪನೂ ಅನ್ನಲಿಲ್ಲ.

ಸೋಮವಾರ ದಫೇದಾರರಿಗೆ ಫೋನು ಮಾಡಿ ಕೇಳಬೇಕಾದ್ದು ಇಷ್ಟಿದೆ. ಅಮ್ಮನ ಹೆಸರಿಗಾದರೆ ಅಣ್ಣನೂ ನಾನೂ ಒಪ್ಪಿಗೆ ಬರೆದುಕೊಡಬೇಕೇ, ಅಣ್ಣನದಕ್ಕೆ ಅಲ್ಲಿನ ಕಾನ್ಸುಲೇಟಿನ ಮೊಹರು ಬೇಕೇ. ವಂಶವೃಕ್ಷ ನಾಡಕಚೇರಿಯಲ್ಲಿ ಮಾಡಿಸಿದ್ದು ಇದೆ, ಜೂನ್ ಕೊನೆಯದು, ಸಾಕಾಗುತ್ತದೆಯೇ. ಚೀಟಿಯ ಮೂಲಪ್ರತಿ ಕೊಟ್ಟೇಬಿಡಬೇಕೇ, ಜೆರಾಕ್ಸ್ ನಡೆಯುತ್ತದೆಯೇ. ಎರಡೂ ಮಗ್ಗುಲು ಜೆರಾಕ್ಸ್ ಮಾಡಿಸಿಟ್ಟುಕೊಳ್ಳುತ್ತೇನೆ. ಮತ್ತೆ ಅಮ್ಮನ ಬಲಗಣ್ಣಿಗೆ ಪೊರೆ ತೆಗೆಸಿದ್ದು ಹೋದ ವರ್ಷ, ಎಡಗಣ್ಣಿನದು ಇನ್ನೂ