ಕಂಪನಿ ವೈರಿಂಗಿಗೆ ಬ್ಲೇಡ್ ಹಾಕುವ ಮೊದಲು: ಎಕ್ಸ್‌ಟ್ರಾ ಫಿಟ್ಟಿಂಗ್ ಮತ್ತು ವಾರಂಟಿ

ಚಾರ್ಮಾಡಿ, ಕೊಟ್ಟಿಗೆಹಾರ, ಗಿರಿ ಕಡೆ ಸಂಜೆ ಮಂಜು ಇಳಿದರೆ ಕಂಪನಿ ಕೊಟ್ಟ ಹೆಡ್‌ಲೈಟು ಸಾಲದು ಅನ್ನಿಸುವುದು ಸಹಜ. ಹಾಗಾಗಿ ಚಿಕ್ಕಮಗಳೂರಿನ ಕಡೆ ಮಳೆ ಹಿಡಿಯುವ ಮೊದಲೇ ಗಾಡಿಗೆ ಹೊಸ ಲೈಟು ಬೀಳುತ್ತದೆ. ಎರಡು ತಿಂಗಳು ಮಳೆ ಸುರಿದ ಮೇಲೆ ಅವೇ ಗಾಡಿಗಳು ಡೀಲರ್ ವರ್ಕ್‌ಶಾಪಿಗೆ ಬರುತ್ತವೆ. ಒಂದರ ಲೈಟಿನೊಳಗೆ ನೀರು, ಇನ್ನೊಂದರ ಹೋಲ್ಡರ್ ಕರಗಿದೆ, ಮತ್ತೊಂದರ ಬ್ಯಾಟರಿ ಕೂತಿದೆ. ಕೌಂಟರಿನಲ್ಲಿ ಜಗಳ ಶುರುವಾಗುವುದು ಅಲ್ಲಿಂದ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಹೊರಗೆ ಏನಾದರೂ ಹಾಕಿಸಿದ ತಕ್ಷಣ ಇಡೀ ಗಾಡಿಯ ವಾರಂಟಿ ಹೋಗುವುದಿಲ್ಲ. "ಸಾರ್, ಹೊರಗಡೆ ಸ್ಟೀರಿಯೋ ಹಾಕಿಸಿದೀರಿ, ವಾರಂಟಿ ಇಲ್ಲ" ಎಂದು ಸರ್ವೀಸ್ ಅಡ್ವೈಸರ್ ಒಂದೇ ಮಾತಿನಲ್ಲಿ ಮುಗಿಸಿದರೆ ಅದು ಸರಿಯಾದ ಉತ್ತರವಲ್ಲ. ವಾರಂಟಿ ಪುಸ್ತಕದಲ್ಲಿ ಸಾಮಾನ್ಯವಾಗಿ ಬರೆದಿರುವುದು, ಬದಲಾವಣೆಯಿಂದ ಆದ ಹಾನಿಗೆ ವಾರಂಟಿ ಸಿಗದು ಅಂತ. ಕೆಲವು ಕಂಪನಿಗಳ ಷರತ್ತು ಇನ್ನೂ ಬಿಗಿ ಇರುತ್ತದೆ, ಆ ಪುಟ ಓದಿಯೇ ಕೈ ಹಾಕಬೇಕು. ಕ್ಲೇಮ್ ನೋಡುವವರು ಹುಡುಕುವುದು ಕೆಟ್ಟ ಭಾಗಕ್ಕೂ ಹಾಕಿಸಿದ ಸಾಮಾನಿಗೂ ಇರುವ ಕೊಂಡಿಯನ್ನು. ಸ್ಟೀರಿಯೋಗೂ ಗೇರ್‌ಬಾಕ್ಸಿನ ಸದ್ದಿಗೂ ಆ ಕೊಂಡಿ ಇಲ್ಲ. ಅದೇ ಸ್ಟೀರಿಯೋದ ವೈರನ್ನು ಕಂಪನಿ ವೈರಿಂಗ್ ಕತ್ತರಿಸಿ ಸೇರಿಸಿದ್ದರೆ, ಆ ಲೈನಿನಲ್ಲಿ ಯಾವ ಕಂಟ್ರೋಲ್ ಯೂನಿಟ್ (ಗಾಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಟ್ಟರೂ ಕೊಂಡಿ ಕೂತಂತೆಯೇ.

ಬಲ್ಬಿನ ಲೆಕ್ಕ ನೋಡಿ. ಹೈ, ಲೋ ಎರಡೂ ಬೀಮು ಒಂದರಲ್ಲೇ ಇರುವ ಎಚ್4 ಬಲ್ಬು ಕಂಪನಿಯಿಂದ ಬರುವುದು 60/55 ವ್ಯಾಟಿನದು, ಅಂದರೆ ಹೈಗೆ 60, ಲೋಗೆ 55. ಹೈ ಬೀಮಿನಲ್ಲಿ ಒಂದು ಬಲ್ಬು 12 ವೋಲ್ಟಿಗೆ 5 ಆಂಪಿಯರ್ ಎಳೆಯುತ್ತದೆ. ಅಲ್ಲಿಗೆ 100/90 ಹಾಕಿದರೆ 8.3 ಆಂಪಿಯರ್. ಕರೆಂಟು ಒಂದೂಮುಕ್ಕಾಲು ಪಟ್ಟಿನ ಹತ್ತಿರ ಬಂದರೂ ಅದೇ ವೈರು, ಅದೇ ಟರ್ಮಿನಲ್ಲಿನ ಬಿಸಿ ಏರುವುದು ಸುಮಾರು 2.8 ಪಟ್ಟು, ಏಕೆಂದರೆ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊದಲು ಸೋಲುವುದು ಪ್ಲಾಸ್ಟಿಕ್ ಹೋಲ್ಡರು. ಟರ್ಮಿನಲ್ ಸಡಿಲವಾಗಿ ಇನ್ನಷ್ಟು ಕಾಯುತ್ತದೆ, ಮೂರು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಮೆತ್ತಗಾಗುತ್ತದೆ. ಆಮೇಲೆ ರಿಫ್ಲೆಕ್ಟರಿನ ಬೆಳ್ಳಿ ಲೇಪ ಬಲ್ಬಿನ ಮೇಲ್ಭಾಗದಲ್ಲಿ ಮಂಕಾಗುತ್ತದೆ. ಆ ಮಂಕು ಕಲೆ ನೋಡಿದ ಕೂಡಲೇ ಹೆಡ್‌ಲೈಟಿನ ಕ್ಲೇಮ್ ಅಲ್ಲಿಗೆ ನಿಲ್ಲುತ್ತದೆ. ಎದುರು ಬರುವವರ ಕಣ್ಣಿಗೂ ಆ ಬೆಳಕು ಅಪಾಯ. 100/90 ಬೇಡ ಎನ್ನುವುದೇ ನಮ್ಮ ಖಚಿತ ಸಲಹೆ.

ಇರುವ 60/55 ಬಲ್ಬಿಗೇ ಬೆಳಕು ಹೆಚ್ಚಿಸಿಕೊಳ್ಳಬಹುದು. ಎಂಜಿನ್ ಓಡುವಾಗ, ಲೈಟು ಹೊತ್ತಿಸಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಟರ್ಮಿನಲ್ಲಿಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬೆಳಕು ವೈರಿನಲ್ಲೇ ಸೋರಿ ಹೋಗುತ್ತಿದೆ ಎಂದರ್ಥ. ಅದಕ್ಕೆ ರಿಲೇ ಕಿಟ್ ಮದ್ದು. ರಿಲೇ ಎಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು. ಬ್ಯಾಟರಿಯಿಂದ ಫ್ಯೂಸ್ ದಾಟಿ 2.5 ಚದರ ಮಿಲಿಮೀಟರಿನ ತಾಮ್ರದ ವೈರು ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ಕಂಪನಿ ಕಪ್ಲರಿನಿಂದ (ವೈರು ಸಿಕ್ಕಿಸುವ ಪ್ಲಗ್ಗಿನಿಂದ) ಬರುವ ಲೈನು 85, 86ಕ್ಕೆ, ಅದು ರಿಲೇಗೆ ಸನ್ನೆ ಕೊಡಲಿಕ್ಕೆ ಮಾತ್ರ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ದೂರ ಇಟ್ಟರೆ ನಡುವಿನ ವೈರು ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಕಾಯುವವರಿಲ್ಲ. ಕಪ್ಲರಿಗೆ ಕಪ್ಲರ್ ಕೂರುವ ಕಿಟ್ಟೇ ತನ್ನಿ. ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು. ಆದರೆ ಲೈಟನ್ನು ಕಂಟ್ರೋಲ್ ಯೂನಿಟ್ಟೇ ನೇರವಾಗಿ ನಡೆಸುವ ಹೊಸ ಗಾಡಿಗಳಲ್ಲಿ ಬಲ್ಬಿನ ಬದಲು ರಿಲೇ ಕಂಡರೆ ಬಲ್ಬ್ ಹೋಗಿದೆ ಎಂದು ತಪ್ಪು ತೋರಿಸಬಹುದು. ಮೊದಲೇ ಡೀಲರನ್ನು ಕೇಳಿಯೇ ಮುಂದುವರಿಯಿರಿ.

ಎಲ್‌ಇಡಿ ಬಲ್ಬು ಹಾಕಿಸುವವರು ಹಿಂದಿನ ರಬ್ಬರ್ ಟೋಪಿಯನ್ನು ಮರೆಯುತ್ತಾರೆ. ಬಲ್ಬಿನ ಫ್ಯಾನು ಹೊರಚಾಚುತ್ತದೆ, ಟೋಪಿ ಕೂರುವುದಿಲ್ಲ, ಕತ್ತರಿಸುತ್ತಾರೆ ಅಥವಾ ತೆಗೆದೇ ಬಿಡುತ್ತಾರೆ. ಮೊದಲ ಮಳೆಗೇ ಗ್ಲಾಸಿನೊಳಗೆ ಹನಿ. ನೀರು ನುಗ್ಗಿದ ಹೆಡ್‌ಲೈಟು ಬಂದರೆ ಮೊದಲು ಮುಟ್ಟಿ ನೋಡುವುದು ಆ ಟೋಪಿಯನ್ನೇ. ಮಂಜಿಗೆ ಬೇಕಿರುವುದು ತಗ್ಗಿನಲ್ಲಿ ಕೂತು ರಸ್ತೆಯ ಅಗಲಕ್ಕೆ ಹರಡುವ ಬೆಳಕು. ಮೇಲಿನಿಂದ ಬೀಳುವ ಬಿಳಿ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಬಂಪರಿನಲ್ಲಿ ಖಾಲಿ ಜಾಗವಿದ್ದರೆ ಕಂಪನಿಯ ಫಾಗ್ ಲ್ಯಾಂಪ್ ಕಿಟ್ ಡೀಲರ್ ಹತ್ತಿರವೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ.

ಜಾಯಿಂಟಿನ ಮಾತಿಗೆ ಬರೋಣ. ವೈರು ಕತ್ತರಿಸದೆ ಕರೆಂಟು ಕದಿಯಲು ಚಿಮ್ಮಟದಿಂದ ಒತ್ತುವ ನೀಲಿ ಕ್ಲಿಪ್ ಸಿಗುತ್ತದೆ. ಒಳಗಿನ ಬ್ಲೇಡು ವೈರಿನ ಹೊದಿಕೆ ಸೀಳಿ ತಾಮ್ರದ ಎಳೆಗಳನ್ನು ಕಚ್ಚುತ್ತದೆ, ಕೆಲವು ಎಳೆ ತುಂಡಾಗುತ್ತವೆ. ನಮ್ಮ ಕಡೆಯ ತೇವದಲ್ಲಿ ಅದೇ ಸೀಳಿನಿಂದ ನೀರು ಒಳಗೆ ಸರಿಯುತ್ತದೆ. ವರ್ಷ ಕಳೆದು ಬಿಚ್ಚಿದರೆ ಎಳೆಗಳ ಮೇಲೆ ಹಸಿರು ಪುಡಿ, ಉಗುರು ತಾಗಿದರೆ ಉದುರುತ್ತದೆ. ಹೊದಿಕೆ ಇನ್ನೂ ಸುಲಿದರೆ ಹಸಿರು ಅಂಗುಲದಷ್ಟು ಒಳಗೆ ಹೋಗಿರುತ್ತದೆ, ಮುಂದಿನ ತಾಮ್ರ ಕಪ್ಪಾಗಿರುತ್ತದೆ. ಅಲ್ಲಿ ವೋಲ್ಟೇಜು ಬಿದ್ದು ಒಂದು ದಿನ ಕೆಲಸ, ಇನ್ನೊಂದು ದಿನ ಇಲ್ಲ. ಸ್ಕ್ಯಾನರ್ ಹಾಕಿದರೆ ಎಲ್ಲೆಲ್ಲೋ ಎರರ್ ಕೋಡ್. ಇನ್ಸುಲೇಷನ್ ಟೇಪಿನ ಗೋಂದು ಎಂಜಿನ್ ಬಿಸಿಗೆ ಕರಗಿ ಜಾರುವುದರಿಂದ ಅದನ್ನು ನೆಚ್ಚಬಾರದು. ಜಾಯಿಂಟ್ ಅನಿವಾರ್ಯವಾದರೆ ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೂರಿಸಿ ಕ್ರಿಂಪ್ ಮಾಡಿಸಿ, ಅಂದರೆ ಲೋಹದ ತೋಳಿನಲ್ಲಿ ಒತ್ತಿ ಸೇರಿಸಿ. ಏರ್‌ಬ್ಯಾಗ್ ವೈರನ್ನು, ಸಾಮಾನ್ಯವಾಗಿ ಹಳದಿ ಹೊದಿಕೆ ಅಥವಾ ಹಳದಿ ಕಪ್ಲರಿನದು, ಯಾವ ಕಾರಣಕ್ಕೂ ಮುಟ್ಟಬೇಡಿ.

ಬ್ಯಾಟರಿ ಕೂರುವುದಕ್ಕೆ ಬಹಳ ಸಲ ಕಾರಣ ಸ್ಟೀರಿಯೋ. ಹೊರಗಿನ ಸ್ಟೀರಿಯೋದಲ್ಲಿ ಹಳದಿ ವೈರು ಸದಾ ಕರೆಂಟು, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ. ಅವಸರದಲ್ಲಿ ಎರಡನ್ನೂ ಒಟ್ಟಿಗೆ ಗಂಟು ಹಾಕಿದರೆ ಸೆಟ್ಟು ಮಲಗುವುದೇ ಇಲ್ಲ. 200 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 4.8 ಆಂಪಿಯರ್ ಅವರ್. ತೋಟದ ಶೆಡ್ಡಿನಲ್ಲಿ ಐದು ದಿನ ನಿಂತ ಗಾಡಿಯಲ್ಲಿ 24 ಖಾಲಿ, 35ರ ಬ್ಯಾಟರಿ ಸ್ಟಾರ್ಟರ್ ತಿರುಗಿಸಲಾರದು. ನೀವೇ ಅಳೆಯಬಹುದು. ಕೀಲಿ ತೆಗೆದು ಬಾನೆಟ್ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದಂತೆ ಮಾಡಿ. ಮೈನಸ್ ಕೇಬಲ್ ಬಿಚ್ಚಿ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಜೋಡಿಸಿ. ಆಮೇಲೆ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಗಾಡಿ ಮಾದರಿಗೆಂದೇ ಬರುವ ಕಪ್ಲರ್ ತಂದರೆ ಈ ಕಷ್ಟವೇ ಇರದು.

ಟಯರಿಗೂ ಲೆಕ್ಕ ಇದೆ. 215/75 ಆರ್15 ಇದ್ದಲ್ಲಿ 235/75 ಆರ್15 ಹಾಕಿದರೆ ವ್ಯಾಸ 703.5ರಿಂದ 733.5 ಮಿಲಿಮೀಟರ್, ಶೇ. 4.3 ಹೆಚ್ಚು. ಮೀಟರ್ 60 ತೋರಿಸಿದಾಗ ಗಾಡಿ 62.6ರಲ್ಲಿರುತ್ತದೆ, ಹೆಚ್ಚಿನ ತೂಕ ಚಕ್ರದ ಬೇರಿಂಗಿಗೆ ಬೀಳುತ್ತದೆ. ವ್ಯಾಸದ ವ್ಯತ್ಯಾಸ ಶೇ. 3ರ ಒಳಗಿರಲಿ.

ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರು) ರೀಮ್ಯಾಪ್ ಮಾಡಿಸಿ, ಅಂದರೆ ಶಕ್ತಿ ಹೆಚ್ಚಿಸಲು ಅದರ ಫೈಲ್ ಬದಲಿಸಿ, ಸರ್ವೀಸಿಗೆ ಮುಂಚೆ ಹಳೆಯ ಫೈಲ್ ತುಂಬಿಸಿದರೆ ಗೊತ್ತಾಗದು ಅಂದುಕೊಳ್ಳಬೇಡಿ. ಎಷ್ಟು ಸಲ ಫೈಲ್ ಬರೆದಿದೆ ಎಂಬ ಎಣಿಕೆ ಬಹಳಷ್ಟು ಇಸಿಯುಗಳಲ್ಲಿ ಉಳಿದಿರುತ್ತದೆ. ಟರ್ಬೊ, ಕ್ಲಚ್, ಇಂಜೆಕ್ಟರ್ ಮೂರಕ್ಕೂ ಆ ಕೊಂಡಿ ಗಟ್ಟಿ. ಬಂಪರಿನ ಮುಂದೆ ಕೂರಿಸುವ ಲೋಹದ ಕ್ರ್ಯಾಶ್ ಗಾರ್ಡ್ ಬೇಡವೇ ಬೇಡ. ಡಿಕ್ಕಿಯ ಪೆಟ್ಟು ಏರ್‌ಬ್ಯಾಗ್ ಸೆನ್ಸರಿಗೆ ಮುಟ್ಟುವ ಬಗೆಯನ್ನೇ ಅದು ಬದಲಿಸುತ್ತದೆ, 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಸೀಟಿನ ಪಕ್ಕ ಏರ್‌ಬ್ಯಾಗ್ ಇರುವ ಗಾಡಿಗೆ ಆ ಜಾಗದ ಹೊಲಿಗೆ ಬಿಚ್ಚಿಕೊಳ್ಳುವಂಥ ಸೀಟ್ ಕವರನ್ನೇ ಕೇಳಿ ತನ್ನಿ. ಇದು ಜೀವದ ವಿಷಯ.

ಕಾನೂನು ವಾರಂಟಿಗಿಂತ ಕಟ್ಟುನಿಟ್ಟು. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಮೆ ಕಂಪನಿಗೂ ಬದಲಾವಣೆ ತಿಳಿಸಿರಬೇಕು.

ಕ್ಲೇಮ್ ತಿರಸ್ಕರಿಸಿದರೆ ಬಾಯಿಮಾತಿಗೆ ಒಪ್ಪಬೇಡಿ. ಯಾವ ಭಾಗ, ಯಾವ ಬದಲಾವಣೆಯಿಂದ, ಹೇಗೆ ಕೆಟ್ಟಿತು ಎಂದು ಬರಹದಲ್ಲಿ ಕೇಳಿ. ಕೆಟ್ಟ ಭಾಗದ ಫೋಟೊ ತೆಗೆದಿಡಿ. ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅದಕ್ಕೂ ಆಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ನಿಮ್ಮ ಕೈ ಹಿಡಿಯುವುದು ಜಾಬ್ ಕಾರ್ಡು, ಅಂದರೆ ಗಾಡಿ ಸರ್ವೀಸಿಗೆ ಬಿಡುವಾಗ ವರ್ಕ್‌ಶಾಪ್ ಬರೆಯುವ ಚೀಟಿ. ಅದಕ್ಕೇ ಗಾಡಿ ಬಿಡುವಾಗ ಹಾಕಿಸಿದ ಸಾಮಾನು, ಹಾಕಿಸಿದ ತಾರೀಕು, "ವೈರ್ ಕತ್ತರಿಸಿಲ್ಲ" ಎಂಬ ಮೂರನ್ನೂ ಅಡ್ವೈಸರ್ ಕೈಯಲ್ಲಿ ಬರೆಸಿ, ಸಹಿ ಹಾಕಿದ ಪ್ರತಿ ತೆಗೆದುಕೊಂಡೇ ಕೌಂಟರ್ ಬಿಡಿ.